ಸಿನಿಮಾ ನಾಯಕಿಗೆ ಎಡೆ ಹಿಡಿದ ರಾಮವ್ವ

ಕುರುಕ್ಷೇತ್ರದ ಯುದ್ಧ ಹದಿನೆಂಟು ದಿನ ನಡೆಯಿತಂತೆ. ಮೊರಬದ ಟೂರಿಂಗ್ ಟಾಕೀಸಿನ ಯುದ್ಧ ಒಂದು ಇಂಟರ್‌ವಲ್ಲಿನಲ್ಲಿ ಮುಗಿಯಿತು. ಅಲ್ಲಿ ಸೇನಾಪತಿ ಭೀಷ್ಮ, ಇಲ್ಲಿ ರಾಮವ್ವ.

ಎಪ್ಪತ್ತರ ದಶಕದ ಮಾತು. ಹತ್ತಿ ಬಿಡಿಸುವ ದಿನಗಳಲ್ಲಿ ಖಾಜಾಸಾಬರು ಊರ ಹೊರಗೆ ಸಿನಿಮಾ ಟೆಂಟು ಹೊಡೆಯುತ್ತಿದ್ದರು. ಹೆಂಗಸರ ಬಾಗಿಲಲ್ಲಿ ಟಿಕೀಟು ಹರಿಯುವ ಅಧಿಕಾರ ರಾಮವ್ವನದು. ಹಣೆತುಂಬ ಕುಂಕುಮ, ದವಡೆತುಂಬ ತಂಬಾಕು. ಆಕೆ ಬಾಗಿಲಿಗೆ ಅಡ್ಡ ನಿಂತರೆ ಪುಕ್ಕಟೆ ನುಗ್ಗುವವರಿರಲಿ, ಗಾಳಿಯೂ ಅಪ್ಪಣೆ ಕೇಳುತ್ತಿತ್ತು. ದಿನಾ ಅದೇ ಚಿತ್ರ ನೋಡುತ್ತಿದ್ದಳಾದ್ದರಿಂದ ಸಿನಿಮಾದ ವಿಷಯದಲ್ಲಿ ಆಕೆಗೆ ತನ್ನದೇ ಅಭಿಪ್ರಾಯಗಳಿದ್ದವು.

ಆ ಸಲದ ಚಿತ್ರದ ನಾಯಕಿಗೆ ಸೊಂಟವೆಂಬುದು ಒಂದು ಹಿಡಿಯಷ್ಟಿತ್ತು. ಅದನ್ನು ನೋಡಿಬಂದ ರಾಮವ್ವನ ಮಗ ಮೈಲಾರಪ್ಪ ತನ್ನ ಹೆಂಡತಿ ದೇವಕ್ಕನನ್ನು ಹೊಸದಾಗಿ ನೋಡುವವನಂತೆ ನೋಡಿದ. "ಆಕಿ ಹೆಂಗದಾಳ, ನೀ ಹೆಂಗದಿ! ಜ್ವಾಳದ ಚೀಲಕ್ಕ ಸೀರಿ ಉಡಿಸಿದಂಗ" ಎಂದ. ಅವನ ಹೊಟ್ಟೆ ಅವನಿಗಿಂತ ಮುಂಚೆ ಹೊಸ್ತಿಲು ದಾಟುತ್ತಿತ್ತು. ಆದರೆ ಸಿನಿಮಾದವರು ಗಂಡಸರ ಹೊಟ್ಟೆಗೆ ಯಾವ ಕಾಯಿದೆಯನ್ನೂ ಮಾಡಿರಲಿಲ್ಲ.

ದೇವಕ್ಕ ಅಂದಿನಿಂದ ಊಟ ಬಿಟ್ಟಳು. ಕೇಳಿದರೆ, "ಹಸಿವಿಲ್ರಿ ಅತ್ತಿ." ಬೆಳಿಗ್ಗೆ ಒಂದಿಷ್ಟು ಮಜ್ಜಿಗೆ, ಅಷ್ಟೆ. ಒಂದು ಮಧ್ಯಾಹ್ನ ಹತ್ತಿ ಹೊಲದಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಹೊತ್ತು ತಂದರು. ರಾಮವ್ವ ಬೈದಳು, ಬೇಡಿಕೊಂಡಳು, ರೊಟ್ಟಿ ಮುರಿದು ಬಾಯಿಗೆ ಹಿಡಿದಳು. ಸೊಸೆ ತುಟಿ ಬಿಚ್ಚಲಿಲ್ಲ. ಹುಲಿಯಂಥ ರಾಮವ್ವ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ "ಆ ನಾಯಕಿನ್ನ ನೀನೂ ಒಮ್ಮೆ ಸರಿಯಾಗಿ ನೋಡು ಬಾ" ಎಂದು ಸೊಸೆಯನ್ನು ಮೊದಲ ಆಟಕ್ಕೆ ಎಳೆತಂದು ಮುಂದೆಯೇ ಕೂರಿಸಿದಳು. ಇಂಟರ್‌ವಲ್ಲಿಗೆ ದೀಪ ಹತ್ತಿದ್ದೇ ತಡ, ಬುತ್ತಿಯ ಗಂಟು ಹಿಡಿದು ನೆಟ್ಟಗೆ ಪರದೆಯ ಬುಡಕ್ಕೆ ನಡೆದಳು. ತಾಟಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿ, ಬಾಜು ಮೊಸರಿನ ಗಡಿಗೆ ಇಟ್ಟಳು.

ಖಾಜಾಸಾಬರು ಓಡಿ ಬಂದರು. "ಏನ್ ನಡಿಸೀ ರಾಮವ್ವ?"

"ಎಡಿ ಹಿಡೀತೀನ್ರಿ. ದಿನಾ ನೋಡಾಕತ್ತೀನಿ. ಹೀರೋ ಉಂಡ, ಅವರಪ್ಪ ಉಂಡ, ಆ ಕಳ್ಳ ಖದೀಮನೂ ಉಂಡ. ಈ ಹುಡುಗಿ ಎಲ್ಲಾರಿಗೂ ನೀಡಿದ್ದೇ ನೀಡಿದ್ದು, ತಾ ಒಂದ ತುತ್ತು ಬಾಯಾಗ ಇಟ್ಟಿಲ್ಲ. ಸೊಂಟ ಎಲ್ಲಿಂದ ಬರಬೇಕ್ರಿ? ನಮ್ಮೂರಿಗೆ ಬಂದ ಹೆಣ್ಣಮಗಳು ಉಪಾಸ ಹೋಗಬಾರದು."

ಹೀಗೆಂದವಳೇ ಪರದೆಗೆ ಕುಂಕುಮ ಹಚ್ಚಿಬಿಟ್ಟಳು. ಖಾಜಾಸಾಬರು ಎದೆ ಹಿಡಿದುಕೊಂಡರು. "ಉಣ್ಣ ನನ್ನವ್ವ" ಎಂದು ರಾಮವ್ವ ತುಸು ಹೊತ್ತು ಕಾದಳು. ಪರದೆ ಬೆಳ್ಳಗೆ ಸುಮ್ಮನಿತ್ತು.

"ಆಕಿಗೆ ಉಣ್ಣಾಕ ಕಲಿಸಿಲ್ಲ, ಪಾಪ. ಆದ್ರ ಎಡಿ ಹಿಡಿದದ್ದು ಹಂಗ ಬಿಡಬಾರದು. ಏ ದೇವಕ್ಕ, ಬಾ ಇಲ್ಲೆ. ಆಕಿ ಪಾಲಿಂದು ನೀ ಉಣ್ಣು."

ಎಡೆಯ ಊಟವನ್ನು ಒಲ್ಲೆ ಎನ್ನುವ ಧೈರ್ಯ ಯಾರಿಗಿದೆ? ದೇವಕ್ಕ ಎದ್ದು ಬಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಅವಳಿಗೇ ತಿಳಿಯದಿದ್ದರೆ ನನಗೇನು ಗೊತ್ತು! ಮೊದಲ ತುತ್ತು ಸಂಕೋಚದ್ದು. ಎರಡನೆಯದಕ್ಕೆ ಎಣ್ಣೆಗಾಯಿ ತುಸು ಜಾಸ್ತಿ. ಆಮೇಲೆ ಹಸಿವೆಯೇ ಅಧಿಕಾರ ವಹಿಸಿಕೊಂಡಿತು. "ಇನ್ನೊಂದ ಹಾಕ್ರಿ ರಾಮವ್ವಕ್ಕ!" ಎಂದು ಹೆಂಗಸರ ಕಡೆಯಿಂದ ಕೂಗು ಎದ್ದಿತು. ಒಬ್ಬಿಬ್ಬರು ತಮ್ಮ ಬುತ್ತಿಯನ್ನೂ ಬಿಚ್ಚಿದರು.

ಗಂಡಸರ ಕಡೆಯ ಮೋಟುಗೋಡೆಯ ಮೇಲೆ ಮೈಲಾರಪ್ಪನ ತಲೆ ಮೂಡಿತು. "ಸಾಕ ಏಳಲೇ! ಮಂದಿ ನೋಡಾಕತ್ತಾರ!"

"ನೋಡ್ಲಿ ಬಿಡ್ರಿ" ಎಂದಳು ದೇವಕ್ಕ, ಹಿಂಡಿ ಮೆತ್ತಿದ ಬೆರಳು ನೆಕ್ಕುತ್ತ. "ಟಿಕೀಟ ತಗೊಂಡಾರಲ್ಲ."

ಟೆಂಟು ಹಾರಿಹೋಗುವಂತೆ ಹೆಂಗಸರು ನಕ್ಕರು. ಆಪರೇಟರ್ ಗುಲಾಮಹುಸೇನ ಕಿಂಡಿಯಿಂದ ತಲೆ ಹಾಕಿ, ಚಿತ್ರ ಶುರು ಮಾಡಲೇ ಎಂದು ಸನ್ನೆ ಮಾಡಿದ. ಖಾಜಾಸಾಬರು ಕೈ ಎತ್ತಿ ತಡೆದರು.

"ಸ್ವಲ್ಪ ತಡಿಯೋ. ಇನ್ನ ಮೊಸರ ಬಾಕಿ ಅದ."