ಕೆಳಗೆ ಫೋನ್ ಬಡಿದುಕೊಳ್ಳುತ್ತಿತ್ತು

ಕಳೆದ ವರ್ಷ ಯುಗಾದಿ ಮುಗಿದು ಹದಿನೈದು ದಿನವಾಗಿತ್ತು. ನಾನು ತೆಂಗಿನ ಮರ ಹತ್ತಿ ಕಾಯಿ ಕೀಳುವ ಕೆಲಸ ಮಾಡುತ್ತೇನೆ. ಮನೆ ಚನ್ನರಾಯಪಟ್ಟಣದಲ್ಲಿ, ಗಂಡ ಆಟೋ ಓಡಿಸುತ್ತಾರೆ. ಹೆಂಗಸರಿಗೆಂದು ನಡೆದ ತರಬೇತಿಯಲ್ಲಿ ಯಂತ್ರದಿಂದ ಹತ್ತುವುದನ್ನು ಕಲಿತೆ. ಎರಡು ಪಾದಕ್ಕೂ ಒಂದೊಂದು ಕಬ್ಬಿಣದ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಮರ ಸುತ್ತಿ ಬಿಗಿಯುವ ಒಂದು ತಂತಿ, ಸೊಂಟವನ್ನೂ ಮರವನ್ನೂ ಸೇರಿಸಿ ಕಟ್ಟುವ ಒಂದು ಬೆಲ್ಟು. ಯಂತ್ರ ಅಂದರೆ ಇಷ್ಟೇ.

ತೋಟದವರು ಕರೆಯುವುದೆಲ್ಲ ಫೋನಿನಲ್ಲೇ. ಹಳೆಯ ಫೋನ್ ಮಧ್ಯಾಹ್ನದೊಳಗೆ ಸತ್ತುಹೋಗಿ ಎಷ್ಟೋ ಕೆಲಸ ಕೈತಪ್ಪಿತ್ತು. ಅದಕ್ಕೇ ದೊಡ್ಡ ಬ್ಯಾಟರಿಯ ಫೋನ್ ಕೊಂಡೆ. ಒಮ್ಮೆ ಚಾರ್ಜ್ ಮಾಡಿದರೆ ಮೂರು ದಿನ ಚಿಂತೆಯಿಲ್ಲ. ಆದರೆ ದಪ್ಪ, ಭಾರ. ಪ್ಯಾಂಟಿನ ಜೇಬಿನಲ್ಲಿಟ್ಟು ಹತ್ತಿದರೆ ಹೆಜ್ಜೆಹೆಜ್ಜೆಗೂ ತೊಡೆಗೆ ಹೊಡೆಯುತ್ತಿತ್ತು. ಒಂದು ದಿನ ಮಂಡಿ ಮಡಿಸುವಾಗ ಅಡ್ಡ ಸಿಕ್ಕಿ ಕಾಲು ಜಾರಿತು. ಆಮೇಲೆ ಅದನ್ನು ಸ್ಕೂಟರಿನ ಮುಂದಿನ ಖಾನೆಯಲ್ಲೇ ಬಿಟ್ಟು ಮರ ಹತ್ತತೊಡಗಿದೆ.

ಅವತ್ತು ಶಾಂತಿಗ್ರಾಮದ ಹತ್ತಿರದ ಒಂದು ತೋಟಕ್ಕೆ ಹೋಗಿದ್ದೆ. ಯಜಮಾನರು ಗೇಟು ತೆಗೆದುಕೊಟ್ಟು ಹಾಸನಕ್ಕೆ ಹೊರಟುಹೋದರು. ನಾಲ್ಕನೆಯ ಮರದ ತುದಿಯಲ್ಲಿ ಎರಡು ಗೊನೆ ಕಡಿದು ಇಳಿಯಬೇಕು ಅನ್ನುವಾಗ ಎಡಗಾಲಿನ ತಂತಿ ಪಟ್ಟನೆ ಕಿತ್ತುಹೋಯಿತು. ಮೆಟ್ಟಿಲು ಪಾದಕ್ಕೆ ನೇತಾಡತೊಡಗಿತು. ಕೈಯಲ್ಲಿದ್ದ ಕುಡುಗೋಲು ಕೆಳಗೆ ಬಿತ್ತು. ನಾನು ಮರ ತಬ್ಬಿಕೊಂಡೆ.

ಒಂದೇ ಕಾಲಿನ ಯಂತ್ರದಲ್ಲಿ ಇಳಿಯಲಾಗುವುದಿಲ್ಲ. ಅದರ ಮೇಲಿನ ಭಾರ ತೆಗೆದರೆ ಮಾತ್ರ ಅದು ಜರುಗುತ್ತದೆ. ಭಾರ ತೆಗೆಯೋಣವೆಂದರೆ ನಿಲ್ಲಲು ಬೇರೆ ಜಾಗವಿಲ್ಲ. ಬೆಲ್ಟು ಇದ್ದದ್ದರಿಂದ ಬೀಳಲಿಲ್ಲ. ಕೂಗಿದೆ. ಸುತ್ತ ಯಾರೂ ಇರಲಿಲ್ಲ. ಗಂಟಲು ಒಣಗಿ ದನಿಯೇ ಹೊರಡದಂತಾಯಿತು. ಬಲಗಾಲು ನಡುಗತೊಡಗಿತು.

ಅಷ್ಟರಲ್ಲಿ ಕೆಳಗೆ ಫೋನ್ ಬಡಿದುಕೊಂಡಿತು. ಊಟಕ್ಕೆ ಬರುತ್ತೇನೆಂದು ಹೇಳಿದ್ದೆ, ಗಂಡನೇ ಇರಬೇಕು. ನಿಂತಿತು, ಮತ್ತೆ ಬಡಿದುಕೊಂಡಿತು. ಜೇಬಿನಲ್ಲಿದ್ದಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಒಂದು ಗಂಟೆಯೋ ಒಂದೂವರೆ ಗಂಟೆಯೋ, ಬಿಟ್ಟುಬಿಟ್ಟು ಬಡಿದುಕೊಳ್ಳುತ್ತಲೇ ಇತ್ತು. ಹಳೆಯದಾಗಿದ್ದರೆ ಅಷ್ಟು ಹೊತ್ತಿಗೆ ಸುಮ್ಮನಾಗಿರುತ್ತಿತ್ತು.

ಆ ಸದ್ದಿಗೇ ಒಬ್ಬ ವಯಸ್ಸಾದ ಹೆಂಗಸು ಹುಲ್ಲಿನ ಹೊರೆ ಇಳಿಸಿ ಸ್ಕೂಟರ್ ಹತ್ತಿರ ಬಂದಳು. ಅತ್ತ ಇತ್ತ ನೋಡಿ ಫೋನ್ ಎತ್ತಿ ಕಿವಿಗಿಟ್ಟುಕೊಂಡಳು.

"ಯಾರೂ ಕಾಣಾಕಿಲ್ಲ ಕಣಪ್ಪ. ಒಂದೇ ಸಮ ಬಡ್ಕತಾ ಇತ್ತು, ಅದ್ಕೆ ಎತ್ತುದೆ. ಯಜಮಾನ್ರ ಮನೇಲಿ ಕೊಟ್ಟಿರ್ತೀನಿ, ಬಂದು ಈಸ್ಕೊ."

ಅವಳು ಫೋನನ್ನು ಕಿವಿಗೆ ಹಿಡಿದೇ ಗೇಟಿನ ಕಡೆ ಹೊರಟಳು. ನಾನು ಬಾಯಿ ತೆರೆದರೆ ಬರೀ ಗಾಳಿ. ಎಡಗೈಯಲ್ಲಿ ಮರ ಹಿಡಿದು ಬಲಗೈಯಿಂದ ಒಂದು ಎಳನೀರನ್ನು ತಿರುಚಿದೆ. ಅದು ಬೇಗ ಕಿತ್ತುಬರಲಿಲ್ಲ. ಬಂದಾಗ ಅವಳ ತಲೆಗೆ ಬಿದ್ದೀತೆಂಬ ಭಯ. ಅವಳಿಂದ ಸಾಧ್ಯವಾದಷ್ಟು ದೂರಕ್ಕೆ ಎಸೆದೆ. ಅವಳ ಹಿಂದೆ ನಾಲ್ಕು ಮಾರು ದೂರದಲ್ಲಿ ಧೊಪ್ಪೆಂದು ಬಿತ್ತು. ಅವಳು ತಿರುಗಿದಳು, ತಲೆ ಎತ್ತಿದಳು.

"ಅಯ್ಯೋ ನನ್ ಕಂದ" ಅಂದವಳು ಫೋನಿಗೆ ಹೇಳಿದಳು: "ಲೇ ಅಪ್ಪ, ಮಡಗ್ಬ್ಯಾಡ. ನಿನ್ನೆಂಡ್ತಿ ಮರದ್ ಮ್ಯಾಲವ್ಳೆ. ಒಂದ್ ಕಾಲಲ್ಲಿ ನಿಂತವ್ಳೆ. ಬಿರ್ನೆ ಬಾ."

ಗಂಡ ಹೊರಡುವ ಮೊದಲು, ತೋಟಕ್ಕೆ ಹತ್ತಿರದ ದುದ್ದದಲ್ಲಿದ್ದ ಶಿವಮ್ಮನಿಗೆ ಫೋನ್ ಮಾಡಿದರು. ಅವಳು ನನ್ನ ಜೊತೆ ತರಬೇತಿ ಪಡೆದವಳು. ಅವಳು ತನ್ನ ಯಂತ್ರ ತರುವವರೆಗೆ ಆ ಹೆಂಗಸು ಬಿಸಿಲಲ್ಲಿ ಕತ್ತೆತ್ತಿ ನಿಂತೇ ಇದ್ದಳು. ತಾನು ಸುಮ್ಮನಿದ್ದರೆ ನಾನು ಕಣ್ಣು ಮುಚ್ಚಿಬಿಡುತ್ತೇನೆಂದು ಅವಳಿಗೆ ಭಯ.

"ಕೆಳೀಕ್ ನೋಡ್ಬ್ಯಾಡ ಕಣವ್ವ. ಮಕ್ಳೆಷ್ಟು? ಬೆರಳಲ್ಲಿ ತೋರ್ಸು."

ಎರಡು ಬೆರಳು ತೋರಿಸಿದೆ.

"ಎರಡಾ. ಅವುನ್ನೇ ನೆನುಸ್ಕೊ. ನಾನ್ ಇಲ್ಲೇ ಇವ್ನಿ, ಎಲ್ಲೂ ಓಗಕಿಲ್ಲ."

ಶಿವಮ್ಮ ಅದೇ ಮರ ಹತ್ತಿ ನನ್ನ ಪಾದದ ಕೆಳಗೆ ನಿಂತು ಎಡಗಾಲಿನ ಮೆಟ್ಟಿಲಿಗೆ ಬೇರೆ ತಂತಿ ಬಿಗಿದಳು. ಅವಳು ಒಂದು ಹೆಜ್ಜೆ ಇಳಿದರೆ ನಾನೊಂದು ಹೆಜ್ಜೆ. ನೆಲ ಮುಟ್ಟಿದ ಮೇಲೆ ಮರಕ್ಕೆ ಒರಗಿ ಕುಳಿತೆ. ಆ ಹೆಂಗಸು ಸೆರಗಿನಿಂದ ನನ್ನ ಮುಖ ಒರೆಸಿದಳು. ಅವಳ ಹೆಸರು ಕಾಳಮ್ಮ ಎಂದು ಆಮೇಲೆ ತಿಳಿಯಿತು. ಗಂಡ ಆಟೋದಿಂದ ಇಳಿದು ಬಂದು ನನ್ನ ಪಾದ ಹಿಡಿದು ಕುಳಿತುಬಿಟ್ಟರು.

ಈಗ ಒಂದು ಚಿಕ್ಕ ಬಟನ್ ಫೋನನ್ನು ಬೆಲ್ಟಿಗೆ ಕಟ್ಟಿಕೊಂಡೇ ಹತ್ತುತ್ತೇನೆ, ದೊಡ್ಡದು ಸ್ಕೂಟರಿನಲ್ಲಿರುತ್ತದೆ. ಪ್ರತಿ ಮರಕ್ಕೂ ಮೊದಲು ತಂತಿಯನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಆ ತೋಟಕ್ಕೆ ಹೋದಾಗಲೆಲ್ಲ ನನ್ನ ಸ್ಕೂಟರ್ ಸದ್ದು ಕೇಳಿ ಕಾಳಮ್ಮ ಬರುತ್ತಾಳೆ. ಬೇಡ ಅಂದರೂ ಕೇಳುವುದಿಲ್ಲ. ಕಾಯಿ ಬೀಳದಷ್ಟು ದೂರದಲ್ಲಿ, ಕೊನೆಯ ಮರ ಇಳಿಯುವವರೆಗೂ ನಿಂತಿರುತ್ತಾಳೆ. ಮೇಲಿನಿಂದ ಅವಳ ಬಿಳಿತಲೆ ಕಂಡರೆ ನನ್ನ ಕಾಲು ನಡುಗುವುದಿಲ್ಲ.