ಗುಂಯ್‌ಗುಡುವ ಕೋಣೆ

ಲಿಫ್ಟ್ ರಿಪೇರಿಯವನನ್ನು ಕಟ್ಟಿಕೊಂಡಾಗ ಅವಳಿಗೆ ಗಂಡನ ಜೊತೆ ಒಂದು ಗೋಡೆ ತುಂಬ ತಿರುಗಿಸುವ ನಾಬುಗಳೂ ಬಂದವು. ಮೋಟಾರು ಕೆಮ್ಮಿದರೆ ಸಾಕು, ಯಾವ ಬೇರಿಂಗ್ ಸವೆದಿದೆಯೆಂದು ಕೆಳಗೇ ನಿಂತು ಹೇಳಬಲ್ಲ ಕಿವಿ ಅವನದು. ಆ ಕಿವಿಗೆ ರಜೆಯ ದಿನವೂ ಬಿಡುವಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕರೆಂಟಿನಿಂದ ದನಿ ಹೊರಡಿಸುವ ಹಳೇ ಸಿಂತಸೈಜರುಗಳು, ಮುಚ್ಚಿಹೋದ ಸ್ಟುಡಿಯೋದಿಂದ ಹೊತ್ತು ತಂದ ಟೇಪ್ ಯಂತ್ರ, ಅವನೇ ಬೆಸುಗೆ ಹಾಕಿ ಕೂಡಿಸಿದ ಪುಟ್ಟ ಪೆಟ್ಟಿಗೆಗಳ ಸಾಲು. ಒಂದು ಪೆಟ್ಟಿಗೆ ದನಿ ಹುಟ್ಟಿಸುತ್ತದೆ, ಇನ್ನೊಂದು ಅದರ ಚೂಪು ತೆಗೆಯುತ್ತದೆ. ನಡುವೆ ತಂತಿ ಸಿಕ್ಕಿಸದಿದ್ದರೆ ಎಲ್ಲವೂ ಮೂಕ. ಇಂಥ ಯಂತ್ರಕ್ಕೆ ನೆನಪೆಂಬುದೇ ಇಲ್ಲ. ಯಾರಾದರೂ ಒಂದು ತಂತಿ ಕಿತ್ತರೆ ವಾರವಿಡೀ ತಡಕಾಡಿ ಹಿಡಿದ ದನಿ ಹೋದಂತೆಯೇ. ಅದಕ್ಕೇ ಕೋಣೆಗೆ ಒಳಗಿನಿಂದ ಚಿಲಕ. ಓಣಿಯವರು ಅವನನ್ನು ‘ಗುಂಯ್ ಮಾಸ್ತರು’ ಎನ್ನುತ್ತಿದ್ದರು. ಅವನು ಅದನ್ನು ಬಿರುದೆಂದೇ ತಿಳಿದಿದ್ದ.

ಚಿಲಕದ ಬಗ್ಗೆ ಅವಳಿಗೆ ತಕರಾರಿರಲಿಲ್ಲ, ಕೆಳಗಿನ ಮನೆಯ ಅಜ್ಜಿ ಬಾಯಿ ಬಿಡುವವರೆಗೆ.

“ನೀನು ಅಂಗಡಿಗೆ ಹೋದ್ಯೋ ಇಲ್ವೋ, ನಿನ್ನ ಗಂಡ ಮಗೂನ ಎತ್ಕೊಂಡು ಆ ಕೋಣೆ ಸೇರ್ಕೋತಾನೆ ಕಣಮ್ಮ. ಆಮೇಲೆ ನಮ್ಮ ಸೂರೆಲ್ಲ ಅದುರುತ್ತೆ. ನನಗ್ಯಾಕೆ ಬಿಡು, ಊರ ಉಸಾಬರಿ.”

ಊರ ಉಸಾಬರಿಯಿಲ್ಲದಿದ್ದರೆ ಅಜ್ಜಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಆದರೂ ಅವಳ ತಲೆಯಲ್ಲಿ ಹುಳ ಹೊಕ್ಕಿತು. ಮಗುವನ್ನು ಯಾಕೆ ಒಯ್ಯುತ್ತಾನೆ? ತಾನಿದ್ದಾಗ ಯಾಕಿಲ್ಲ? ಮಗಳು ಇತ್ತೀಚೆಗೆ ಕರೆದರೆ ಒಮ್ಮೊಮ್ಮೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಗದ್ದಲಕ್ಕೆ ಎಳೆಯ ಕಿವಿಯೇ ಕೆಟ್ಟುಹೋಗಿದ್ದರೆ?

ಕೇಳಿಯೇಬಿಟ್ಟಳು. “ಕೂಸು ಕರೆದ್ರೆ ಓಗೊಡೋದಿಲ್ವಲ್ರೀ?”

“ಆಟದಲ್ಲಿ ಮುಳುಗಿರುತ್ತೆ ಕಣೇ. ಅಪ್ಪನ ಹಾಗೆ,” ಎಂದು ಅವನು ನಕ್ಕ. ನಕ್ಕವನು ಅವಳ ಮುಖ ನೋಡಲಿಲ್ಲ, ಕೂಸಿನ ಕಿವಿಯನ್ನೇ ನೋಡಿದ.

ಮರುದಿನ ಸೋಪು ತರುತ್ತೇನೆಂದು ಚೀಲ ಹಿಡಿದು ಹೊರಟವಳು ಮೆಟ್ಟಿಲ ತಿರುವಿನಲ್ಲೇ ನಿಂತಳು. ಸ್ವಲ್ಪ ಹೊತ್ತು ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳಹೆಜ್ಜೆಯಲ್ಲಿ ವಾಪಸು ಬಂದಳು. ಹಿಂದಿನ ಕೋಣೆಯ ಚಿಲಕ ಬಿದ್ದಿತ್ತು. ಧಬಧಬ ಬಡಿದಳು.

ಬಾಗಿಲು ತೆರೆಯಿತು. ದೊಡ್ಡ ಸ್ಪೀಕರಿನ ಎದುರು, ಮರದ ಹಲಗೆ ಹಾಸಿದ ನೆಲದ ಮೇಲೆ, ಕೂಸು ಕೂತಿತ್ತು.

“ಏನ್ ನಡೀತಿದೆ ಇಲ್ಲಿ?”

“ಸುಮ್ನೆ... ಆಟ.”

“ಆಟಕ್ಕೆ ಚಿಲಕ ಯಾಕ್ರೀ?”

ಅವನು ತಂತಿಯೊಂದನ್ನು ಬೆರಳಿಗೆ ಸುತ್ತಿಕೊಂಡ. “ನಂಗೂ ನಿನ್ನ ಹಾಗೇ ಅನುಮಾನ ಕಣೇ. ಇವಳಿಗೆ ಕೇಳುತ್ತೋ ಇಲ್ವೋ ಅಂತ ಪರೀಕ್ಷೆ ಮಾಡ್ತಿದ್ದೆ. ಜೋರಾಗಿ ಇಟ್ಟಿಲ್ಲ, ಆಣೆ ಮಾಡ್ತೀನಿ. ಹೇಳಿದ್ರೆ ನೀನು ನಿದ್ದೆಗೆಡ್ತೀಯ ಅಂತ...”

“ಈಗೇನು ಗೊರಕೆ ಹೊಡೀತಿದ್ದೀನಾ?”

“ನೋಡಿಲ್ಲಿ, ಚೆನ್ನಾಗೇ ಕೇಳುತ್ತೆ!” ಅವನು ಆತುರದಿಂದ ನಾಬು ತಿರುಗಿಸಿದ. ದಪ್ಪನೆಯ ದನಿ ಗುಂಯ್ ಎಂದಿತು. ಕೂಸು ಕಾಲು ಬಡಿದು ಕೇಕೆ ಹಾಕಿತು.

ಅವಳಿಗೆ ನಂಬಿಕೆ ಬರಲಿಲ್ಲ. ಜೋರಾಗಿ ಇಟ್ಟಿಲ್ಲವಾದರೆ ಅಜ್ಜಿಯ ಸೂರು ಅದುರುವುದೇಕೆ? ಬಗ್ಗಿ ನೆಲಕ್ಕೆ ಅಂಗೈ ಇಟ್ಟಳು. ಜುಮ್ಮೆಂದಿತು.

“ಇದು ನೆಲ, ರೀ. ಕೂಸಿಗೆ ಕೇಳಿದ್ದಲ್ಲ, ಕುಂಡೆಗೆ ತಾಗಿದ್ದು.”

ಅವನ ಮುಖ ಪೆಚ್ಚಾಯಿತು. ಟೇಪ್ ಯಂತ್ರಕ್ಕೆ ನಡುಕ ತಾಗಬಾರದೆಂದು ಅಡಿಗೆ ದಪ್ಪ ಸ್ಪಂಜು ಹಾಸಿದವನು, ಮಗಳನ್ನು ಬರಿ ಹಲಗೆಯ ಮೇಲೆ ಕೂರಿಸಿ ಇಷ್ಟು ದಿನ ನೆಮ್ಮದಿಪಟ್ಟಿದ್ದ.

ಅವಳು ಕೂಸನ್ನು ಎತ್ತಿ ಎದೆಗೊರಗಿಸಿಕೊಂಡಳು. “ಈಗ ಮಾಡಿ. ದೊಡ್ಡದು ಬೇಡ, ಚಿಕ್ಕ ಸ್ಪೀಕರ್ ಕೈಯಲ್ಲಿ ಹಿಡ್ಕೊಳ್ಳಿ.”

ಉದ್ದ ತಂತಿ ಸಿಕ್ಕಿಸಿ, ಕೂಸಿಗೆ ಕಾಣದಂತೆ ಹಿಂದಿನಿಂದ ಅದರ ಎಡಕ್ಕೆ ಹಿಡಿದ. ತೆಳ್ಳನೆಯ ದನಿ ಹೊರಟಿತು. ಕೂಸು ಸರಕ್ಕನೆ ಎಡಕ್ಕೆ ತಿರುಗಿತು. ಅವಳಿಗೆ ಹೋದ ಜೀವ ಬಂದಂತಾಯಿತು.

ಬಲಕ್ಕೆ ಹಿಡಿದ. ಕೂಸು ಮತ್ತೆ ಎಡಕ್ಕೇ ತಿರುಗಿ, ಅಲ್ಲಿ ಏನೂ ಕಾಣದೆ ಹುಬ್ಬು ಗಂಟಿಕ್ಕಿತು.

“ಇನ್ನೊಂದ್ಸಲ,” ಎಂದಳು. ದನಿ ಬಲದಿಂದಲೇ ಬಂತು. ಕೂಸು ಎಡಕ್ಕೇ ಹುಡುಕಿತು.

ಅವನು ಸ್ಪೀಕರನ್ನು ಕೆಳಗಿಟ್ಟ. “ಬಲಗಿವಿ,” ಎಂದ, ತೊದಲುತ್ತ. “ನಾಳೆ ಕೆಲಸಕ್ಕೆ ರಜೆ ಹಾಕಿ ಕಿವಿ ಡಾಕ್ಟರ ಹತ್ರ...”

“ನಾಳೆ ಅಲ್ಲ. ಈಗಲೇ.”

ಅವನು ಅಂಗಿ ತೊಟ್ಟು ಬಂದ, ಗುಂಡಿ ಮೇಲೆ ಕೆಳಗೆ. ದಾರಿಯುದ್ದಕ್ಕೂ ಅವಳು ಅವನನ್ನು ಓರೆಗಣ್ಣಲ್ಲೇ ಅಳೆಯುತ್ತಿದ್ದಳು. ಇಷ್ಟನ್ನು ಬಚ್ಚಿಟ್ಟವನು ಇನ್ನೇನೇನು ಬಚ್ಚಿಟ್ಟಿದ್ದಾನೋ!

“ಇನ್ನೇನಾದ್ರೂ ಕಂಡಿದ್ರೆ ಡಾಕ್ಟರಿಗಿಂತ ಮುಂಚೆ ನನಗೆ ಹೇಳ್ಬಿಡಿ.”

“ಇನ್ನೇನೂ ಇಲ್ಲ ಕಣೇ.”

“ಗೊಣಗಬೇಡಿ, ಗಟ್ಟಿಯಾಗಿ ಹೇಳಿ,” ಎಂದವಳು, ಕೂಸಿನ ಎಡಗಿವಿ ಅವನ ಕಡೆ ಬರುವಂತೆ ಹೆಗಲು ಬದಲಿಸಿದಳು. “ಅವಳಿಗೂ ಕೇಳಿಸ್ಲಿ.”