ನೇವಿ ಬ್ಲೂವನ್ನು ಕಪ್ಪೆಂದು ಕೊಟ್ಟೆ

ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಬನಶಂಕರಿಯ ಆಸ್ಪತ್ರೆಯೊಂದರಲ್ಲಿ ಬಲಗಣ್ಣಿನ ಪೊರೆ ತೆಗೆದಿದ್ದರು. ಎಡಗಣ್ಣಿಗೆ ಇನ್ನೂ ಆಗಬೇಕಿತ್ತು. ಎದುರಿಗೆ ನಿಂತ ಡಾಕ್ಟರಮ್ಮನ ಕೋಟು ಬಲಗಣ್ಣಿಗೆ ನೀಲಿ ಹಾಕಿ ಒಗೆದ ಬಿಳಿಯಾಗಿ ಕಂಡಿತು. ಎಡಗಣ್ಣಿಗೆ ಟೀ ಚೆಲ್ಲಿದ ಹಾಗಿತ್ತು. ಒಂದೊಂದೇ ಕಣ್ಣು ಮುಚ್ಚಿ ಮತ್ತೆ ಮತ್ತೆ ನೋಡಿದೆ.

"ಇದ್ರಲ್ಲಿ ಯಾವ್ದು ನಿಜ ಮೇಡಂ?" ಎಂದೆ.

ಆಕೆ ನನ್ನ ಮಗಳ ವಯಸ್ಸಿನವಳು. ಸಮಾಧಾನವಾಗಿ ಹೇಳಿದಳು. "ವಯಸ್ಸಾಗ್ತಾ ಕಣ್ಣೊಳಗಿನ ಲೆನ್ಸು ಹಳದಿ ಆಗತ್ತೆ ಆಂಟಿ. ನೀಲಿ ಬೆಳಕನ್ನ ಒಳಗೆ ಸರಿಯಾಗಿ ಬಿಡಲ್ಲ. ದಿನಾ ಒಂಚೂರು ಒಂಚೂರೇ ಆಗೋದ್ರಿಂದ ಮೆದುಳು ಹೊಂದಿಸ್ಕೊಂಡು ಹೋಗ್ಬಿಡತ್ತೆ. ಹಳದಿ ಆಗಿರೋದನ್ನೂ ಬಿಳಿ ಅಂತಾನೇ ನಿಮ್ಗೆ ತೋರಿಸತ್ತೆ. ಅದಕ್ಕೇ ಗೊತ್ತಾಗಲ್ಲ."

"ನೇವಿ ಬ್ಲೂ ಕಪ್ಪಾಗಿ ಕಾಣತ್ತಾ?"

"ಕಾಣ್ಬೋದು. ಯಾಕೆ?"

ನಾನು ಎದ್ದು ಚಪ್ಪಲಿ ಹುಡುಕಿದೆ.

ಇಪ್ಪತ್ತೆರಡು ವರ್ಷದಿಂದ ನಾನು ಜಯನಗರದ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಸೀರೆಗೆ ಹೊಂದುವ ಬ್ಲೌಸ್ ಬಟ್ಟೆ, ಲಂಗ, ಫಾಲ್ಸ್ ಆರಿಸಿ ಕೊಡುವುದು ನನ್ನ ಕೆಲಸ. ಗಿರಾಕಿ ಸೆರಗು ಬಿಡಿಸುವಷ್ಟರಲ್ಲಿ ನನ್ನ ಕೈ ಗೂಡಿನತ್ತ ಹೋಗಿರುತ್ತಿತ್ತು. ಈರುಳ್ಳಿ ಬಣ್ಣದಲ್ಲೇ ಐದು ಬಗೆಯನ್ನು ಬೇರೆ ಬೇರೆಯಾಗಿ ಹೇಳುತ್ತಿದ್ದೆ. "ಆ ಅಕ್ಕನ್ನೇ ಕರೀರಿ" ಎಂದು ಕಾದು ನಿಲ್ಲುವವರಿದ್ದರು. ಈ ಮಾತು ನನ್ನ ತಲೆಗೆ ಹತ್ತಿತ್ತು. ಇಲ್ಲ ಎನ್ನುವುದಿಲ್ಲ.

ನನ್ನ ಪಕ್ಕದ ಕೌಂಟರಿನಲ್ಲಿ ಇನ್ನೊಬ್ಬಳಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಸುದ್ದಗುಂಟೆಪಾಳ್ಯದಿಂದ ಬರುತ್ತಿದ್ದಳು. ಆರು ವರ್ಷ ನಾವಿಬ್ಬರೂ ಒಂದೇ ಡಬ್ಬಿಯಿಂದ ಉಂಡಿದ್ದೇವೆ. ನನ್ನ ಗಂಡ ಸಾಯುವ ಮುಂಚಿನ ವಾರ ಆಸ್ಪತ್ರೆಯಲ್ಲಿ ಅವರನ್ನು ನೋಡಿಕೊಂಡವಳು ಅವಳು.

ಶಸ್ತ್ರಚಿಕಿತ್ಸೆಗೆ ಒಂದು ವರ್ಷದ ಹಿಂದಿನ ಮಾತು. ವಸಂತಪುರದಿಂದ ಕೋಲಾಟದ ತಂಡದ ಹೆಂಗಸರು ಬಂದರು. ಹನ್ನೊಂದು ಜನಕ್ಕೂ ಹಳದಿ ಸೀರೆ, ಕಪ್ಪು ಬ್ಲೌಸ್. ಕಪ್ಪು ಬಟ್ಟೆಯ ಒಂದು ತಾನು ಸಾಲದೆ ನಾನು ಗೂಡಿನಿಂದ ಎರಡನೆಯ ಸುರುಳಿಯನ್ನು ಎಳೆದೆ. ಪಕ್ಕದವಳು ಬಗ್ಗಿ ನೋಡಿ ಮೆಲ್ಲಗೆ, "ಅಕ್ಕ, ಅದು ನೇವಿ ಥರ ಇದೆ. ಬಾಗ್ಲತ್ರ ತಗೊಂಡೋಗಿ ಬಿಸ್ಲಲ್ಲಿ ನೋಡಿ ಒಂದ್ಸಲ" ಎಂದಳು.

ಗಿರಾಕಿಗಳ ಮುಂದೆ ಹೇಳಿದಳಲ್ಲ ಎಂದು ನನಗೆ ಉರಿಯಿತು. "ನಾನು ಈ ಕೌಂಟರಿಗೆ ಬಂದಾಗ ನೀನಿನ್ನೂ ಲಂಗ ದಾವಣಿ ಹಾಕ್ತಿದ್ದೆ. ನಂಗೆ ಕಪ್ಪು ತೋರಿಸ್ತೀಯಾ?" ಎಂದೆ. ಹೆಂಗಸರು ನಕ್ಕರು. ನಾನು ಕತ್ತರಿ ಹಾಕಿದೆ.

ಹತ್ತು ದಿನದ ಮೇಲೆ ಅವರು ಹೊಲಿದ ಬ್ಲೌಸುಗಳನ್ನೇ ಹಿಡಿದು ಬಂದರು. ದೇವಸ್ಥಾನದ ಅಂಗಳದಲ್ಲಿ ಸಾಲಾಗಿ ನಿಂತಾಗ ನಾಲ್ವರದು ನೀಲಿಯಂತೆ. ಯಜಮಾನರು ನನ್ನನ್ನು ಕರೆದರು. ನಾನು ಒಂದೊಂದೇ ಬ್ಲೌಸನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ. ನನಗೆ ಹನ್ನೊಂದೂ ಕಪ್ಪೇ. ಆದರೂ ಅಷ್ಟು ಜನ ನೀಲಿ ಎನ್ನುತ್ತಿದ್ದಾರೆ. ಒಂದು ಕ್ಷಣ ಎದೆ ಧಸಕ್ಕೆಂದಿತು. ಮರುಕ್ಷಣ ನನ್ನ ಬಾಯಿಂದ ಬಂದದ್ದು ಇದು: "ನಾನು ಕಪ್ಪಿನ ಗೂಡಿಂದಾನೇ ತೆಗ್ದಿದ್ದು ಸಾರ್. ಗೂಡು ಜೋಡಿಸೋಳು ಅವಳು."

ಅವಳು ನನ್ನ ಮುಖವನ್ನೇ ನೋಡಿದಳು. "ಅಕ್ಕ, ನಾನು ಹೇಳಿದ್ನಲ್ಲ" ಎಂದಳು. ಅಷ್ಟೇ. ತಿಂಗಳ ಕೊನೆಗೆ ಯಜಮಾನರು ಅವಳನ್ನು ಕೆಲಸದಿಂದ ಬಿಡಿಸಿದರು. ಹೋಗುವ ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನನಗೆ ಅದರ ಮೇಲೂ ಸಿಟ್ಟಿತ್ತು.

ಪಟ್ಟಿ ಬಿಚ್ಚಿಸಿಕೊಂಡು ಕತ್ರಿಗುಪ್ಪೆಯ ಮನೆಗೆ ಬಂದವಳೇ ಬೀರುವಿನಿಂದ ನನ್ನ ಹಳೆಯ ನೋಟ್‌ಬುಕ್ ತೆಗೆದೆ. ಹೊಸ ತಾನು ಬಂದಾಗಲೆಲ್ಲ ಚೂರು ಕತ್ತರಿಸಿ, ಬಣ್ಣವಾರು ಅಂಟಿಸಿ ಇಟ್ಟುಕೊಂಡ ಪುಸ್ತಕ ಅದು. ಕಿಟಕಿ ಪಕ್ಕ ಕೂತು ಕಪ್ಪಿನ ಪುಟ ತೆರೆದೆ. ಎಡಗಣ್ಣಿಗೆ ಒಂಬತ್ತು ಚೂರೂ ಕಪ್ಪು. ಬಲಗಣ್ಣಿಗೆ ಮೂರು ಚೂರು ನೀಲಿ, ಸ್ಕೂಲ್ ಯೂನಿಫಾರಂ ಪ್ಯಾಂಟಿನ ನೀಲಿ. ಅಂಟಿಸಿದ್ದು ನನ್ನ ಕೈ. ಪಕ್ಕದಲ್ಲಿ ಕಪ್ಪು ಎಂದು ಬರೆದದ್ದೂ ನನ್ನದೇ ಅಕ್ಷರ. ಮುಂದಿನ ಪುಟಗಳಲ್ಲಿ ಬಿಳಿಯ ಸಾಲಿನಲ್ಲಿ ಕೆನೆಬಣ್ಣ ಸೇರಿಕೊಂಡಿತ್ತು, ಬದನೆಕಾಯಿ ಬಣ್ಣ ಹೋಗಿ ಕಾಫಿಪುಡಿಯ ಪಕ್ಕ ಕೂತಿತ್ತು. ಪುಸ್ತಕವನ್ನು ಗೋಡೆಗೆ ಎಸೆದೆ. ಯಾರ ಮೇಲಿನ ಸಿಟ್ಟು ಎಂದು ಕೇಳಿದರೆ ಹೇಳಲಾರೆ. ನನ್ನ ತಲೆಯೊಳಗೇ ಕೂತು, ಎಲ್ಲ ಸರಿಯಿದೆ ಎಂದು ವರ್ಷಗಟ್ಟಲೆ ನನಗೆ ಹೇಳುತ್ತಾ ಬಂದ ಆ ಮೆದುಳಿನ ಮೇಲೆ ಇರಬೇಕು.

ಹದಿನೈದು ದಿನ ಬಿಟ್ಟು ಸುದ್ದಗುಂಟೆಪಾಳ್ಯಕ್ಕೆ ಹೋದೆ. ಅವಳು ಮನೆಯಲ್ಲೇ ಸೀರೆಗೆ ಫಾಲ್ಸ್ ಹಾಕಿಕೊಂಡಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಲೆನ್ಸು ಹಳದಿಯಾದದ್ದು, ಮೆದುಳು ಮರೆಮಾಚಿದ್ದು, ಡಾಕ್ಟರಮ್ಮ ಹೇಳಿದ್ದು ಎಲ್ಲವನ್ನೂ.

ಅವಳು ದಾರ ಹಲ್ಲಿನಲ್ಲಿ ಕಡಿದು, "ಕಣ್ಣು ಹಳದಿ ಆಗಿತ್ತು, ಸರಿ ಅಕ್ಕ. ಬಾಯಿಗೇನಾಗಿತ್ತು?" ಎಂದಳು.

ನನಗೆ ರೇಗಿಹೋಯಿತು. ಇಷ್ಟು ದೂರ ಬಂದು ತಪ್ಪೊಪ್ಪಿಕೊಂಡವಳಿಗೆ ಇದಾ ಮಾತು ಎನಿಸಿತು. ತಿರುಗಿ ಮೆಟ್ಟಿಲಿನವರೆಗೆ ಬಂದೂಬಿಟ್ಟೆ. ಮೆಟ್ಟಿಲಿನ ಮೇಲೆ ನಿಂತಾಗ ಆ ದಿನ ಎದೆ ಧಸಕ್ಕೆಂದದ್ದು ನೆನಪಾಯಿತು. ಬಣ್ಣ ಕಾಣದಿದ್ದರೂ ಅನುಮಾನ ಬಂದಿತ್ತು. ಅನುಮಾನ ಬಂದಮೇಲೂ ಅವಳನ್ನು ಮುಂದೆ ತಳ್ಳಿದ್ದೆ. ವಾಪಸ್ ಹೋಗಿ, "ಏನ್ ಮಾಡ್ಲಿ ಹೇಳು" ಎಂದೆ.

"ಅವತ್ತು ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ. ಎಲ್ಲರ ಮುಂದೆ."

ಆಪರೇಷನ್ನಿಗೆಂದು ಹಾಕಿದ್ದ ರಜೆ ಇನ್ನೂ ಮುಗಿದಿರಲಿಲ್ಲ. ಮರುದಿನ ಸಂಜೆ ಅಂಗಡಿ ತುಂಬಿರುವ ಹೊತ್ತಿಗೆ ಹೋದೆ. ಕೌಂಟರಿನ ಮುಂದೆ ನಿಂತು, ನಾಲ್ಕು ಬ್ಲೌಸ್ ಕೆಡಿಸಿದವಳು ನಾನು, ಅವಳಲ್ಲ, ಅವಳು ಎಚ್ಚರಿಸಿದರೂ ನಾನು ಕೇಳಲಿಲ್ಲ, ಆಮೇಲೆ ತಪ್ಪನ್ನು ಅವಳ ಮೇಲೆ ಹಾಕಿದೆ ಎಂದು ಗಟ್ಟಿಯಾಗಿ ಹೇಳಿದೆ. ಸೀರೆ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

ಯಜಮಾನರು ಎದ್ದು ಬಂದರು. "ಈಗ್ಯಾಕಮ್ಮ ಅದೆಲ್ಲ? ನೀವು ಸೀನಿಯರ್ರು, ನಿಮ್ ಮಾತು ನಂಬಿದೆ. ನಂದೇನ್ ತಪ್ಪು?"

"ನನ್ ಕಣ್ಣಿಗೆ ಪೊರೆ ಬಂದಿತ್ತು ಸಾರ್. ನಿಮ್ ಕಣ್ಣು ಚೆನ್ನಾಗಿತ್ತು. ತಾನು ಮೇಜಿನ ಮೇಲಿತ್ತು, ಬಾಗಿಲು ಹತ್ತು ಹೆಜ್ಜೆ. ಒಂದ್ಸಲ ಬಿಸಿಲಿಗೆ ತಗೊಂಡೋಗಿ ನೋಡಿದ್ರೆ ಕತ್ತರಿ ಹಾಕಿದೋಳ್ದೇ ತಪ್ಪು ಅಂತ ಗೊತ್ತಾಗ್ತಿತ್ತು, ನೋಡ್ಲಿಲ್ಲ ನೀವು. ಅವಳನ್ನ ವಾಪಸ್ ಕರೀರಿ."

"ಆ ಜಾಗಕ್ಕೆ ಬೇರೆಯವ್ರು ಬಂದಾಯ್ತು" ಎಂದು ಅವರು ಫೋನ್ ಕಿವಿಗಿಟ್ಟುಕೊಂಡರು. ಫೋನ್ ರಿಂಗಾಗಿರಲಿಲ್ಲ. ಆ ತಿಂಗಳೇ ನಾನೂ ಕೆಲಸ ಬಿಟ್ಟೆ.

ಅವಳಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. "ಹೂಂ" ಎಂದಳು. ಆಮೇಲೆ, "ಎಡಗಣ್ಣು ಯಾವಾಗ?" ಎಂದು ಕೇಳಿದಳು. ಹೇಳಿದೆ. ಬರುತ್ತೇನೆ ಎನ್ನಲಿಲ್ಲ. ಬರಲೂ ಇಲ್ಲ.

ಈಗ ಬಿಟಿಎಂ ಲೇಔಟಿನ ಒಂದು ಚಿಕ್ಕ ಅಂಗಡಿಯಲ್ಲಿದ್ದೇನೆ. ಎರಡೂ ಕಣ್ಣಿಗೆ ಆಗಿದೆ. ಮೊದಮೊದಲು ಎಲ್ಲದರ ಮೇಲೂ ಕಾಣುತ್ತಿದ್ದ ನೀಲಿ ಛಾಯೆ ಎರಡು ಮೂರು ತಿಂಗಳಲ್ಲಿ ಹೋಯಿತು. ಮೆದುಳು ಇದಕ್ಕೂ ಹೊಂದಿಕೊಂಡಿದೆ, ಬಿಳಿ ಮತ್ತೆ ಬರೀ ಬಿಳಿ. ನನಗೆ ಅದರ ಮೇಲೆ ನಂಬಿಕೆ ಬಂದಿಲ್ಲ. ಅಂಗಡಿಯ ಹೊಸ ಹುಡುಗಿ ನಿನ್ನೆ, "ಆಂಟಿ, ಇದು ಬಾಟಲ್ ಗ್ರೀನ್ ಅಲ್ಲ ಅನ್ಸತ್ತೆ" ಎಂದಾಗ ಹಳೆಯ ಸಿಟ್ಟೇ ಮತ್ತೆ ಬಂತು. ನುಂಗಿಕೊಂಡು, ತಾನು ಎತ್ತಿಕೊಂಡು ಅವಳ ಜೊತೆ ಫುಟ್‌ಪಾತಿಗೆ ಹೋದೆ. ಬಿಸಿಲಲ್ಲಿ ಅದು ಬಾಟಲ್ ಗ್ರೀನೇ, ಅವಳು ಹೇಳಿದ್ದು ತಪ್ಪಾಗಿತ್ತು.